ಅರ್ಜಿ ತಪ್ಪು ಬಾಗಿಲಿಗೆ ಬಂದರೆ, ಸರಿ ಬಾಗಿಲಿಗೆ ನೀವೇ ಕಳಿಸಿ

ಧಾರವಾಡ ಜಿಲ್ಲಾಧಿಕಾರಿಗಳಿಗೆ, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮಹಾಪೌರರಿಗೆ ಮತ್ತು ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಒಬ್ಬರಿಗೇ ಬರೆದರೆ ಉಳಿದ ಇಬ್ಬರ ಕಡೆ ಕೈ ತೋರಿಸಲು ದಾರಿ ಇರುತ್ತದೆ, ಅದಕ್ಕೆ.

ನನ್ನದು ಹುಬ್ಬಳ್ಳಿಯಲ್ಲಿ ಸರ್ಕಾರಿ ಕಚೇರಿಗಳ ಮಗ್ಗುಲಲ್ಲೇ ಒಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಜೊತೆಗೆ ಅರ್ಜಿ ಟೈಪ್ ಮಾಡಿಕೊಡುತ್ತೇನೆ, ಆನ್‌ಲೈನ್ ಫಾರ್ಮ್ ತುಂಬಿಕೊಡುತ್ತೇನೆ. ಬಂದವರು ಮೊದಲು ಕೇಳುವುದು ಅರ್ಜಿಯಲ್ಲಿ ಏನು ಬರೆಯಬೇಕು ಅಂತ ಅಲ್ಲ. "ಯಾರಿಗೆ ಬರೀಬೇಕ್ರೀ?" ಅಂತ. ಗಟಾರ ತುಂಬಿದೆ, ನಳದಲ್ಲಿ ನೀರು ಬಂದಿಲ್ಲ, ಕಂಬದ ದೀಪ ಹೊತ್ತುತ್ತಿಲ್ಲ, ರಸ್ತೆ ಅಗೆದು ಹಾಗೇ ಬಿಟ್ಟು ಹೋಗಿದ್ದಾರೆ. ತೊಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು. ಯಾರ ಹೆಸರಿಗೆ ಬರೆಯಬೇಕು ಅನ್ನೋದು ಗೊತ್ತಿಲ್ಲ. ಎಷ್ಟೋ ಸಲ ನನಗೂ ಗೊತ್ತಾಗುವುದಿಲ್ಲ.

ನಾನು ಕೇಳುವುದು ಇಷ್ಟೇ. ಜಿಲ್ಲೆಯ ಯಾವುದೇ ಸರ್ಕಾರಿ ಕಚೇರಿಯ ಟಪಾಲು ಟೇಬಲ್ಲಿಗೆ ದೂರು ಬರಲಿ. ಆ ಕೆಲಸ ತಮ್ಮದಲ್ಲದಿದ್ದರೆ ಐದು ದಿನದೊಳಗೆ ಆ ಕಚೇರಿಯೇ ಅದನ್ನು ಸರಿಯಾದ ಕಚೇರಿಗೆ ಕಳಿಸಲಿ. ಎಲ್ಲಿಗೆ ಕಳಿಸಿದೆವು ಅಂತ ಅರ್ಜಿದಾರರಿಗೆ ಒಂದು ಸಾಲು ಬರೆದುಕೊಡಲಿ. ಐದು ದಿನ ಅನ್ನೋದು ನನ್ನ ಮನಸ್ಸಿಗೆ ತೋಚಿದ ಲೆಕ್ಕ ಅಲ್ಲ. ಅದು ಎಲ್ಲಿಯದು ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಹಿಂಬರಹದ ಕಥೆ. ಹಿಂಬರಹ ಅಂದರೆ ಅರ್ಜಿಗೆ ಕಚೇರಿ ಬರಹದಲ್ಲಿ ಕೊಡುವ ಉತ್ತರ. ಕಚೇರಿಗಳ ಹೆಸರು ಬೇಡ. ಹೆಸರು ಹಾಕಿದರೆ ಜಗಳ ಆ ಕಚೇರಿ ಮೇಲೆ ಹೋಗಿ ನಿಲ್ಲುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಊರ ಹೊರಗಿನ ಒಂದು ಲೇಔಟಿನಿಂದ ಒಬ್ಬರು ಅಕ್ಕ ಬಂದರು. ಅವರ ಓಣಿಯ ತಿರುವಿನಲ್ಲಿ ಒಳಚರಂಡಿ ಚೇಂಬರಿನ ಮುಚ್ಚಳ ಒಡೆದು ಬಿದ್ದಿತ್ತು. ಮಕ್ಕಳು ಸೈಕಲ್ ತಿರುಗಿಸುವ ಜಾಗ. ಅರ್ಜಿ ಟೈಪ್ ಮಾಡಿಕೊಟ್ಟೆ, ಫೋಟೋ ಪ್ರಿಂಟ್ ಹಾಕಿಕೊಟ್ಟೆ. ಮೊದಲನೇ ಕಚೇರಿಯಲ್ಲಿ ಹೇಳಿದರು: "ಇದು ನಮಗ ಬರೂದಿಲ್ರೀ, ಲೇಔಟ್ ಇನ್ನೂ ನಮಗ ಹ್ಯಾಂಡೋವರ್ ಆಗಿಲ್ಲ." ಎರಡನೇ ಕಚೇರಿಯಲ್ಲಿ ಹೇಳಿದರು: "ನಮ್ದು ಲೇಔಟ್ ಮಂಜೂರಿ ಅಷ್ಟರೀ, ಮೇಂಟೆನೆನ್ಸ್ ಅಲ್ಲ." ಮೂರನೇ ಕಡೆ, ಪೈಪ್‌ಲೈನ್ ಹಾಕುವಾಗ ಗುತ್ತಿಗೆದಾರರು ಒಡೆದಿರಬೇಕು, ಅವರನ್ನೇ ಕೇಳಿ ಅಂದರು. ಗುತ್ತಿಗೆದಾರ ಯಾರು ಅಂತ ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಕಡೆಗೆ ಹಟ ಹಿಡಿದು ಬರಹದಲ್ಲೇ ಉತ್ತರ ಕೊಡಿ ಅಂದರು. ಹಿಂಬರಹ ಬಂತು. ಅದರ ಝೆರಾಕ್ಸ್ ತೆಗೆಯಲು ನನ್ನ ಹತ್ತಿರವೇ ತಂದರು. "ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಒಳಪಡದೇ ಇರುವುದರಿಂದ ತಾವು ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಲು ತಿಳಿಸಿದೆ." ಕೆಳಗೆ ಸಹಿ, ದುಂಡನೆಯ ಸೀಲು, ಕಚೇರಿಯಿಂದ ಹೊರಗೆ ಹೋಗುವ ಕಾಗದಕ್ಕೆ ಹಾಕುವ ಜಾವಕ ಸಂಖ್ಯೆ. ಎಲ್ಲಾ ಸರಿಯಾಗಿತ್ತು. ಸಂಬಂಧಪಟ್ಟ ಕಚೇರಿ ಯಾವುದು ಅಂತ ಮಾತ್ರ ಎಲ್ಲೂ ಇರಲಿಲ್ಲ.

ಕಡೆಗೆ ಓಣಿಯವರೇ ದುಡ್ಡು ಕೂಡಿಸಿ ಕಾಂಕ್ರೀಟಿನ ಮುಚ್ಚಳ ಮಾಡಿಸಿ ಹಾಕಿದರು. ಸ್ವಲ್ಪ ದಿನ ಬಿಟ್ಟು ಚೇಂಬರ್ ಕಟ್ಟಿಕೊಂಡಾಗ ಜೆಟ್ಟಿಂಗ್ ಮಷಿನ್ ಬಂತಂತೆ. ಬಂದವರು ಮೊದಲು ಕೇಳಿದ್ದು, "ಇಷ್ಟು ಭಾರದ ಮುಚ್ಚಳ ಯಾರನ್ನ ಕೇಳಿ ಹಾಕೀರಿ?" ಅಂತ. ಅಕ್ಕ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಮೂರು ಕಡೆಯವರೂ ಸುಳ್ಳು ಹೇಳಿರಲಿಕ್ಕಿಲ್ಲ. ನಮ್ಮಲ್ಲಿ ಕೆಲಸ ಹಂಚಿರುವುದೇ ಹಾಗೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರದೂ ಸೇರಿದ್ದು. ರೈಲ್ವೆ, ಅಂಚೆ, ರಾಷ್ಟ್ರೀಯ ಹೆದ್ದಾರಿ ಕೇಂದ್ರಕ್ಕೆ. ಪೊಲೀಸ್, ಆಸ್ಪತ್ರೆ, ನೀರು ರಾಜ್ಯಕ್ಕೆ. ವಿದ್ಯುತ್, ಶಿಕ್ಷಣ, ಅರಣ್ಯ ಇಬ್ಬರಿಗೂ. ಇದರಲ್ಲಿ ಪಾಲಿಕೆ ಎಲ್ಲಿದೆ? ಸ್ಥಳೀಯ ಸರ್ಕಾರ ಅನ್ನೋದೇ ರಾಜ್ಯ ಪಟ್ಟಿಯ ಐದನೇ ವಿಷಯ. ಅಂದರೆ ಪಾಲಿಕೆಗೆ ಏನು ಕೊಡಬೇಕು, ಏನು ಕೊಡಬಾರದು ಅನ್ನೋದು ಬೆಂಗಳೂರಿನ ಕೈಯಲ್ಲಿದೆ.

1993ರಲ್ಲಿ 74ನೇ ತಿದ್ದುಪಡಿ ಜಾರಿಗೆ ಬಂದಾಗ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆ, ಪಾಲಿಕೆಗಳಿಗೆ ಅಂತ 18 ಕೆಲಸ ಬರೆದರು. ನಗರ ಯೋಜನೆ, ರಸ್ತೆ, ಕುಡಿಯುವ ನೀರು, ನೈರ್ಮಲ್ಯ, ಅಗ್ನಿಶಾಮಕ, ಬೀದಿದೀಪ, ಸ್ಮಶಾನ, ಕಡೆಗೆ ದನದ ದೊಡ್ಡಿ ಕೂಡ. (ದೊಡ್ಡಿ ಕಾಗದದ ಮೇಲಿದೆ, ದನ ನಡುರಸ್ತೆಯಲ್ಲಿವೆ. ಹುಬ್ಬಳ್ಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.) ಆದರೆ ಈ ಕೆಲಸಗಳನ್ನ ರಾಜ್ಯ ಕೊಡಲೇಬೇಕು ಅಂತ ಬರೆಯಲಿಲ್ಲ, ಕೊಡಬಹುದು ಅಂತ ಬರೆದರು. ಹಾಗಾಗಿ ಇವತ್ತಿಗೂ ಅಗ್ನಿಶಾಮಕ ದಳ ರಾಜ್ಯದ ಇಲಾಖೆ. ಊರು ಯಾವ ಕಡೆ ಬೆಳೆಯಬೇಕು, ಲೇಔಟ್ ಎಲ್ಲಿ ಆಗಬೇಕು ಅನ್ನೋದು ನವನಗರದ ನಗರಾಭಿವೃದ್ಧಿ ಪ್ರಾಧಿಕಾರದ್ದು. ಕೊಳಗೇರಿಗೆ ಬೇರೆ ಮಂಡಳಿ. ಬೀದಿದೀಪ ಪಾಲಿಕೆಯದು, ಅದಕ್ಕೆ ಕರೆಂಟ್ ಹೆಸ್ಕಾಂನದು. ಬೀದಿನಾಯಿಗೆ ಸಂತಾನಹರಣ ಹೇಗೆ ಮಾಡಬೇಕು ಅನ್ನೋ ನಿಯಮ ದಿಲ್ಲಿಯಲ್ಲಿ ಆಗುತ್ತದೆ, ಹಿಡಿಯುವುದು ಪಾಲಿಕೆ. ನಾಯಿ ಕಚ್ಚಿದರೆ ಸೂಜಿ ಹಾಕುವುದು ರಾಜ್ಯದ ಆಸ್ಪತ್ರೆ.

ಆಸ್ತಿ ತೆರಿಗೆ ಚಲನ್ ನೋಡಿದ್ದೀರಲ್ವಾ? ನನ್ನ ಅಂಗಡಿಯಲ್ಲಿ ದಿನಾ ಅದರ ಝೆರಾಕ್ಸ್ ಆಗುತ್ತದೆ. ತೆರಿಗೆಯ ಕೆಳಗೆ ಉಪಕರಗಳ ಸಾಲು: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3. ಸಾವಿರ ರೂಪಾಯಿ ತೆರಿಗೆಗೆ 240 ರೂಪಾಯಿ ಇವೇ ಮೂರು. ಗ್ರಂಥಾಲಯದ ದುಡ್ಡು ಗ್ರಂಥಾಲಯ ಇಲಾಖೆಗೆ ಹೋಗಬೇಕು. ಭಿಕ್ಷುಕರ ದುಡ್ಡು ರಾಜ್ಯದ ಪರಿಹಾರ ಸಮಿತಿಗೆ. ಜನ ಪಾಲಿಕೆಗೆ ಕೊಟ್ಟೆವು ಅಂದುಕೊಳ್ಳುತ್ತಾರೆ, ವಾರ್ಡಿನ ವಾಚನಾಲಯಕ್ಕೆ ಬೀಗ ಬಿದ್ದಿದ್ದರೆ ಕಾರ್ಪೊರೇಟರ್‌ಗೆ ಬೈಯುತ್ತಾರೆ. ದುಡ್ಡು ವಸೂಲಿ ಮಾಡಿದ ಕೈ ಒಂದು, ಖರ್ಚು ಮಾಡುವ ಕೈ ಇನ್ನೊಂದು. ಚಲನ್ ಹಿಂದೆ ಖಾಲಿ ಜಾಗ ಬೇಕಾದಷ್ಟಿದೆ. ಯಾವ ಉಪಕರ ಯಾರಿಗೆ ಹೋಗುತ್ತದೆ ಅಂತ ಅಲ್ಲಿ ಅಚ್ಚು ಹಾಕಿಸಿದರೆ ಏನೂ ಜಾಸ್ತಿ ಖರ್ಚಾಗುವುದಿಲ್ಲ.

ನಮ್ಮ ಊರಿನಲ್ಲಿ ಈ ಹಂಚಿಕೆ ತೀರಾ ಗೊತ್ತಾಗುವುದು ನೀರಿನಲ್ಲಿ. ನಮ್ಮ ನಳಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು. ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಿಂದ ಬಂದು, ಅಮ್ಮಿನಭಾವಿಯಲ್ಲಿ ಶುದ್ಧವಾಗಿ, ಎರಡೂ ಊರಿಗೆ ಹರಿಯುತ್ತದೆ. ವರ್ಷಗಟ್ಟಲೆ ಇದನ್ನು ರಾಜ್ಯದ ನಗರ ನೀರು ಸರಬರಾಜು ಮಂಡಳಿ ನೋಡಿಕೊಂಡಿತು. 2008ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬಂತು. ದೇಶವೆಲ್ಲ ಬಂದು ನೋಡಿಕೊಂಡು ಹೋಯಿತು. ಅದನ್ನು ಇಡೀ ಊರಿಗೆ ಹಬ್ಬಿಸಲು ರಾಜ್ಯದ ಇನ್ನೊಂದು ನಿಗಮ ಬಂತು, ಖಾಸಗಿ ಕಂಪನಿ ಬಂತು, ನಿರ್ವಹಣೆ ಮಂಡಳಿಯ ಕೈಬಿಟ್ಟಿತು. ಈಗ ನಳ ಬಿಡದಿದ್ದರೆ ಯಾರನ್ನು ಕೇಳಬೇಕು ಅಂತ ಅಂಗಡಿಗೆ ಬಂದವರು ಕೇಳುತ್ತಾರೆ. ಪಾಲಿಕೆಯವರನ್ನು ಕೇಳಿ ಅಂತೀನಿ. ಪಾಲಿಕೆಯವರು ಕಂಪನಿಯ ನಂಬರ್ ಕೊಡುತ್ತಾರೆ.

ಅಣೆಕಟ್ಟಿನಲ್ಲೇ ನೀರು ಕಡಿಮೆ ಆದರೆ ಮಾತು ಕಳಸಾ-ಬಂಡೂರಿಗೆ ಹೋಗುತ್ತದೆ. ಗೋವಾಕ್ಕೆ ಹರಿಯುವ ಮಹದಾಯಿ ನದಿಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ. ಇದಕ್ಕಾಗಿ 2015ರಿಂದ ನರಗುಂದ, ನವಲಗುಂದದ ರೈತರು ಬೀದಿಯಲ್ಲಿ ಕೂತರು. ನೀರು ರಾಜ್ಯದ ಪಟ್ಟಿಯಲ್ಲಿದೆ ನಿಜ. ಆದರೆ ನದಿ ಎರಡು ರಾಜ್ಯ ದಾಟಿದರೆ ಅದು ಕೇಂದ್ರದ ವಿಷಯ. ಹಾಗಾಗಿ ನ್ಯಾಯಮಂಡಳಿ ಆಯಿತು. 2018ರ ಆಗಸ್ಟ್‌ನಲ್ಲಿ ಅದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.90 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು. 2022ರ ಡಿಸೆಂಬರ್‌ನಲ್ಲಿ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿತು. ಪಟಾಕಿ ಹೊಡೆದರು. ಆಮೇಲೆ ಕಾಡಿನ ಅನುಮತಿ ಬೇಕು ಅಂತಾಯಿತು. ಅರಣ್ಯ, ವನ್ಯಜೀವಿ ಮೊದಲು ರಾಜ್ಯದ ಪಟ್ಟಿಯಲ್ಲೇ ಇದ್ದವು. 1976ರ 42ನೇ ತಿದ್ದುಪಡಿಯಲ್ಲಿ ಅವನ್ನು ಎತ್ತಿ ಇಬ್ಬರ ಪಟ್ಟಿಗೆ ಹಾಕಿದರು. ಕಾಡು ಕಾಯಲು ಅದು ಒಳ್ಳೆಯದೇ ಇರಬಹುದು, ನಾನು ಬೇಡ ಅನ್ನುತ್ತಿಲ್ಲ. ಆದರೆ ನವಲಗುಂದದ ರೈತನಿಗೆ ಇದನ್ನು ಯಾರಾದರೂ ಹೀಗೆ ಬಿಡಿಸಿ ಹೇಳಿದ್ದಾರಾ? ರಾಜ್ಯದವರು ಬಂದು ಕೇಂದ್ರ ಬಿಡುತ್ತಿಲ್ಲ ಅಂದರು, ಕೇಂದ್ರದವರು ಬಂದು ರಾಜ್ಯ ಸರಿಯಾದ ಕಾಗದ ಕೊಡುತ್ತಿಲ್ಲ ಅಂದರು. ಟೆಂಟಿನಲ್ಲಿ ಕೂತವರಿಗೆ ಇಬ್ಬರೂ ಕೈ ಮುಗಿದು ಹೋದರು.

ರಸ್ತೆಯದು ಇನ್ನೊಂದು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ರಾಷ್ಟ್ರೀಯ ಹೆದ್ದಾರಿ. ಚೆನ್ನಮ್ಮ ವೃತ್ತದ ಮೇಲ್ಸೇತುವೆಗೆ ಹಣ ಕೇಂದ್ರದ್ದು, ಕೆಲಸ ರಾಜ್ಯ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗದ್ದು, ಕೆಳಗಿನ ಟ್ರಾಫಿಕ್ ಪೊಲೀಸರದು, ಪಕ್ಕದ ಗಟಾರ ಪಾಲಿಕೆಯದು. ಎರಡೂ ಊರಿನ ನಡುವೆ ಚಿಗರಿ ಬಸ್ಸುಗಳು ಓಡುವ ಸುಮಾರು 22 ಕಿಲೋಮೀಟರ್ ದಾರಿ ಕಟ್ಟಿದ್ದು ಒಂದು ಕಂಪನಿ, ಬಸ್ ಓಡಿಸುವುದು ಸಾರಿಗೆ ಸಂಸ್ಥೆ. ಸ್ಮಾರ್ಟ್ ಸಿಟಿಗೆ ಮತ್ತೊಂದು ಕಂಪನಿ ಆಯಿತು, ಮಿಷನ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅದು ಹಾಕಿಸಿದ ಕಲ್ಲು, ದೀಪ, ಪಾರ್ಕಿನ ಆಟದ ಸಾಮಾನು ಇನ್ನು ಯಾರವು ಅಂತ ಆ ಜಾಗದಲ್ಲಿ ಒಂದು ಬೋರ್ಡ್ ಇದ್ದರೆ ಸಾಕಿತ್ತು. ಉದ್ಘಾಟನೆಯ ಕಲ್ಲಿನಲ್ಲಿ ಎಲ್ಲರ ಹೆಸರೂ ಇರುತ್ತದೆ. ರಿಪೇರಿಗೆ ಯಾರು ಅಂತ ಬರೆದ ಕಲ್ಲು ನಾನು ಎಲ್ಲೂ ನೋಡಿಲ್ಲ.

ನಮ್ಮ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಜಾಗ, ಹಣ, ಇಂಜಿನಿಯರು ಎಲ್ಲಾ ಒಬ್ಬರದೇ ಇದ್ದಾಗ ಕೆಲಸ ಹೀಗೂ ಆಗುತ್ತದೆ. ಹಾಗಂತ ಎಲ್ಲವನ್ನೂ ಒಬ್ಬರ ಕೈಗೇ ಕೊಡಿ ಅಂತ ನಾನು ಹೇಳುವುದಿಲ್ಲ. ಉಣಕಲ್ ನಾಲಾದ ಹೂಳು ತೆಗೆಸಲು ದಿಲ್ಲಿಯಿಂದ ಯಾರೂ ಬರಬಾರದು, ಬರಲೂ ಆಗುವುದಿಲ್ಲ. ಓಣಿಯ ಕೆಲಸ ಓಣಿಗೆ ಹತ್ತಿರ ಇರುವವರೇ ಮಾಡಬೇಕು.

ಇದನ್ನು ದೇಶಕ್ಕೆ ಮೊದಲು ತೋರಿಸಿದವರಲ್ಲಿ ನಾವೂ ಒಬ್ಬರು. ನೀರ್ ಸಾಬ್ ಅಂತಲೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1983ರ ಕಾನೂನಿನ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಈಗ? 2021ರಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಧಾರವಾಡ, ಗದಗ, ಹಾವೇರಿ ಎಲ್ಲಾ ಕಡೆ ಅದೇ ಕಥೆ. ನಮ್ಮ ಪಾಲಿಕೆಯೂ 2019ರಿಂದ 2021ರ ಸೆಪ್ಟೆಂಬರ್‌ವರೆಗೆ ಚುನಾಯಿತ ಸದಸ್ಯರಿಲ್ಲದೇ ನಡೆಯಿತು. 82 ವಾರ್ಡಿನ ಜನ ದೂರು ಹಿಡಿದು ಶಾಸಕರ ಮನೆಗೆ ಹೋದರು, ಸಂಸದರ ಕಚೇರಿಗೆ ಹೋದರು. ಕೆಳಗಿನ ಮೆಟ್ಟಿಲು ತೆಗೆದರೆ ಇನ್ನೆಲ್ಲಿಗೆ ಹೋಗಬೇಕು?

ತಪ್ಪು ಬರೀ ಸರ್ಕಾರದ್ದು ಅಂತ ಸುಮ್ನೆ ಹೇಳಿ ಬಿಡಲಾರೆ. ವಾರ್ಡ್ ಚುನಾವಣೆಯಲ್ಲಿ ನಾವು ದೇಶದ ಗಡಿಯ ಭಾಷಣಕ್ಕೆ ಚಪ್ಪಾಳೆ ಹೊಡೆಯುತ್ತೇವೆ, ಲೋಕಸಭೆ ಚುನಾವಣೆಯಲ್ಲಿ ಗಟಾರದ ಮಾತು ಕೇಳುತ್ತೇವೆ. ಓಟು ಕೇಳುವವರಿಗೂ ಇದು ಅನುಕೂಲವೇ.

ಈಗ ಸಭೆಗಳ ವಿಷಯ. ಪೇಪರಿನಲ್ಲಿ ಓದುತ್ತಿರುತ್ತೇನೆ. ಕೇಂದ್ರದ ಯೋಜನೆಗಳಿಗೆ ದಿಶಾ ಸಭೆ, ಅಧ್ಯಕ್ಷರು ಸಂಸದರು. ರಾಜ್ಯದ ಕೆಲಸಗಳಿಗೆ ಕೆಡಿಪಿ ಸಭೆ, ಅಧ್ಯಕ್ಷರು ಉಸ್ತುವಾರಿ ಸಚಿವರು. ಪಾಲಿಕೆಗೆ ಸಾಮಾನ್ಯ ಸಭೆ, ಅಧ್ಯಕ್ಷರು ಮಹಾಪೌರರು. ಮೂರರಲ್ಲೂ ಮಾತು ಅದೇ ರಸ್ತೆ, ಅದೇ ನೀರು. ಮೇಜಿನ ಆ ಕಡೆ ಫೈಲ್ ಹಿಡಿದು ನಿಲ್ಲುವ ಅಧಿಕಾರಿಗಳೂ ಬಹುಪಾಲು ಅವರೇ. ಹಾಗಿದ್ದ ಮೇಲೆ ಯಾವ ಕೆಲಸ ಯಾರದು ಅಂತ ನಿಮಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. ನಿಮ್ಮೊಳಗೆ ಗೊತ್ತಿರುವುದು ಹೊರಗೆ ನಿಂತವರಿಗೆ ಗೊತ್ತಿಲ್ಲ, ಅಷ್ಟೇ.

ಈಗ ಆ ಐದು ದಿನದ ಲೆಕ್ಕ. 2005ರ ಮಾಹಿತಿ ಹಕ್ಕು ಕಾಯ್ದೆಯ ಆರನೇ ಕಲಮಿನ ಮೂರನೇ ಉಪಕಲಮು ನೋಡಿ. ಕೇಳಿದ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ, ಅರ್ಜಿ ಬಂದ ಕಚೇರಿಯೇ ಅದನ್ನು ಅಲ್ಲಿಗೆ ವರ್ಗಾಯಿಸಬೇಕು. ಅರ್ಜಿದಾರರಿಗೆ ತಿಳಿಸಬೇಕು. ಐದು ದಿನ ಮೀರಬಾರದು. ಅಂದರೆ "ನಮ್ಮ ಗಟಾರದ ಕೆಲಸಕ್ಕೆ ಎಷ್ಟು ಖರ್ಚಾಯಿತು" ಅಂತ ಕೇಳಿದವರ ಅರ್ಜಿಯನ್ನು ನೀವೇ ಹೊತ್ತು ಮುಟ್ಟಿಸಬೇಕು. "ನಮ್ಮ ಗಟಾರ ತುಂಬಿದೆ" ಅಂದವರು ಮಾತ್ರ ತಾವೇ ಅಲೆಯಬೇಕು. ಇದು ಯಾವ ನ್ಯಾಯ?

ದೂರು ಹೇಳಲು 1902 ನಂಬರಿನ ಸಹಾಯವಾಣಿ ಇದೆಯಲ್ಲ ಅನ್ನಬಹುದು. ಇದೆ, ನಾನೂ ಜನರಿಗೆ ಆ ನಂಬರ್ ಬರೆದುಕೊಡುತ್ತೇನೆ. ಆದರೆ ಅದು ರಾಜ್ಯದ್ದು. ಕೇಂದ್ರಕ್ಕೆ ಬೇರೆ ಪೋರ್ಟಲ್ ಇದೆ. ಹೆದ್ದಾರಿ ಪಕ್ಕದ ಗಟಾರ ಕಟ್ಟಿದರೆ ಯಾವುದಕ್ಕೆ ಹಾಕಬೇಕು ಅನ್ನೋ ಪ್ರಶ್ನೆ ಅಲ್ಲೂ ಹಾಗೇ ಉಳಿಯುತ್ತದೆ. ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನೋದೂ ನಿಜ. ಆದರೆ ನಮಗೆ ಬರುವುದಿಲ್ಲ ಅಂತ ಹಿಂಬರಹ ಟೈಪ್ ಮಾಡಲು, ಸೀಲು ಹೊಡೆಯಲು, ಜಾವಕ ಸಂಖ್ಯೆ ಹಾಕಲು ಹಿಡಿಯುವ ಹೊತ್ತಿನಲ್ಲೇ ಅರ್ಜಿಯನ್ನು ಮುಂದಕ್ಕೆ ಕಳಿಸಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು. ಕೇಂದ್ರದ ಕಚೇರಿಗಳ ಮೇಲೆ ನಿಮ್ಮ ಅಪ್ಪಣೆ ನಡೆಯುವುದಿಲ್ಲ, ಗೊತ್ತು. ಆದರೆ ಜನರ ಅರ್ಜಿಗೆ ನಿಮ್ಮ ಒಂದು ಪತ್ರ ಲಗತ್ತಿಸಿ ಕಳಿಸಿದರೆ ಅದರ ತೂಕವೇ ಬೇರೆ. ಎರಡು ಕಚೇರಿಗಳು ನಮ್ಮದಲ್ಲ, ನಮ್ಮದಲ್ಲ ಅಂತ ಜಗಳಕ್ಕೆ ಬಿದ್ದರೆ ಆ ಅರ್ಜಿ ನಿಮ್ಮ ಮೇಜಿಗೆ ಬರಲಿ, ಮುಂದಿನ ಸಭೆಯಲ್ಲಿ ಇಬ್ಬರನ್ನೂ ಎದುರು ಕೂರಿಸಿ ತೀರ್ಮಾನ ಆಗಲಿ.

ಇದನ್ನು ಈಗಲೇ ಬರೆಯಲು ಇನ್ನೊಂದು ಕಾರಣ ಇದೆ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ ಒಪ್ಪಿಗೆ ಕೊಟ್ಟಿತು. 1962ರಿಂದ ಒಂದೇ ಪಾಲಿಕೆಯಲ್ಲಿದ್ದ ಊರುಗಳು. ಧಾರವಾಡದವರು ಬಹಳ ಕಾಲದಿಂದ ಕೇಳುತ್ತಿದ್ದರು. ಕೇಳಿದ್ದರಲ್ಲಿ ತಪ್ಪಿಲ್ಲ, ಒಂದು ಸಹಿಗಾಗಿ ಹುಬ್ಬಳ್ಳಿವರೆಗೆ ಬರಬೇಕಾದವರ ಕಷ್ಟ ನನ್ನ ಅಂಗಡಿಯಲ್ಲೇ ಕಾಣುತ್ತದೆ. ಆದರೆ ಅಣ್ಣತಮ್ಮಂದಿರು ಪಾಲಾಗುವಾಗ ಹೊಲಕ್ಕಿಂತ ಮೊದಲು ಬಾವಿ, ದಾರಿ ಯಾರಿಗೆ ಅಂತ ಬರೆದಿಡುತ್ತಾರೆ ಅಲ್ವಾ? ಇಲ್ಲಿಯೂ ಹಾಗೇ ಆಗಬೇಕು. ಅಮ್ಮಿನಭಾವಿಯಿಂದ ಹುಬ್ಬಳ್ಳಿಗೆ ಬರುವ ದೊಡ್ಡ ಪೈಪು ನಡುದಾರಿಯಲ್ಲಿ ಒಡೆದರೆ ಯಾವ ಪಾಲಿಕೆ ಜೆಸಿಬಿ ಕಳಿಸಬೇಕು? ನವಲೂರು, ಸತ್ತೂರು, ರಾಯಾಪುರ, ನವನಗರದ ಉದ್ದಕ್ಕೂ ಚಿಗರಿ ರಸ್ತೆಯ ಪಕ್ಕದ ಗಟಾರ ಎಲ್ಲಿಯವರೆಗೆ ಯಾರದು? ಹ್ಯಾಂಡೋವರ್ ಆಗದೇ ನಿಂತಿರುವ ಲೇಔಟುಗಳ ಕಾಗದ ಯಾರ ಕಪಾಟಿಗೆ ಹೋಗುತ್ತದೆ? ಹಳೇ ಸಾಲ ಯಾರು ತೀರಿಸುತ್ತಾರೆ? ನೀರಿನ ಕಂಪನಿಯ ಜೊತೆಗಿನ ಕರಾರಿಗೆ ಮುಂದೆ ಸಹಿ ಹಾಕುವವರು ಯಾರು?

ಇವಕ್ಕೆಲ್ಲ ಉತ್ತರ ಬರೆದ ಪಟ್ಟಿ ಕನ್ನಡದಲ್ಲಿ, ವಾರ್ಡಿನ ಹೆಸರು ಹಿಡಿದು, ಎರಡೂ ಊರಿನ ಎಲ್ಲಾ ವಲಯ ಕಚೇರಿಗಳ ಬಾಗಿಲಿಗೆ ಅಂಟಬೇಕು. ಗಡಿಯ ನಕಾಶೆಗೆ ಆಕ್ಷೇಪಣೆ ಕರೆಯುವ ಹಾಗೆ ಈ ಪಟ್ಟಿಗೂ ಕರೆಯಿರಿ. ಆಕ್ಷೇಪಣೆ ಬರೆದುಕೊಡುವ ಕೆಲಸಕ್ಕೆ ನಾನಿದ್ದೇನೆ, ಆ ಪಟ್ಟಿಯ ಅರ್ಜಿಗಳಿಗೆ ಟೈಪಿಂಗ್ ದುಡ್ಡು ತಗೊಳ್ಳುವುದಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಝೆರಾಕ್ಸ್ ಅಂಗಡಿಯವನು
ಹುಬ್ಬಳ್ಳಿ